ನಡು ಮೈದಾನದ ದುಡಿಮೆಗಾರ: ಎನ್‌ಗೋಲೋ ಕಾಂಟೆ



ಫುಟ್‌ಬಾಲ್ ಪಂದ್ಯ ಮುಗಿದಾಗ ಸುದ್ದಿಯಲ್ಲಿ ಮೊದಲು ಬರುವುದು ಗೋಲು ಹೊಡೆದವರ ಹೆಸರು. ಆ ಚೆಂಡನ್ನು ನಡು ಮೈದಾನದಲ್ಲಿ ಎದುರಾಳಿಯಿಂದ ಕಸಿದು ತಂದುಕೊಟ್ಟವರು ಯಾರೆಂದು ಕೇಳುವವರು ಕಡಿಮೆ. ಆ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನಮ್ಮ ಕಾಲದಲ್ಲಿ ಲೆಕ್ಕ ಸಮೇತ ತೋರಿಸಿಕೊಟ್ಟವರು ಫ್ರಾನ್ಸಿನ ಮಿಡ್‌ಫೀಲ್ಡರ್ ಎನ್‌ಗೋಲೋ ಕಾಂಟೆ. ಕ್ಲಬ್ಬಿನಿಂದ ಕ್ಲಬ್ಬಿಗೆ ಅವರು ಬೆಳೆದ ಬಗೆಯನ್ನು ಇಂದು ನೋಡೋಣ.

ಕಾಂಟೆ ಹುಟ್ಟಿದ್ದು 1991ರ ಮಾರ್ಚ್ 29ರಂದು, ಪ್ಯಾರಿಸ್‌ನಲ್ಲಿ. ಅವರ ಕುಟುಂಬದ ಮೂಲ ಆಫ್ರಿಕಾದ ಮಾಲಿ ದೇಶ. ಆಟ ಕಲಿತದ್ದು ನಗರದ ಪಶ್ಚಿಮ ಅಂಚಿನ ಸುರೆನ್ ಎಂಬಲ್ಲಿನ ಸಣ್ಣ ಕ್ಲಬ್ಬಿನಲ್ಲಿ. ಫ್ರಾನ್ಸಿನ ದೊಡ್ಡ ಕ್ಲಬ್ಬುಗಳು ಹುಡುಗರನ್ನು ಹದಿಹರೆಯದಲ್ಲೇ ಆರಿಸಿಕೊಂಡು ತಮ್ಮ ಅಕಾಡೆಮಿಗಳಲ್ಲಿ ತಯಾರು ಮಾಡುತ್ತವೆ. ಅಂಥ ಕಡೆ ಕಾಂಟೆಗೆ ಜಾಗ ಸಿಗಲಿಲ್ಲ. ಮೈಕಟ್ಟು ತೀರಾ ಚಿಕ್ಕದೆಂಬುದೇ ಅಡ್ಡಿಯಾಯಿತು. ಪೂರ್ತಿ ಬೆಳೆದ ಮೇಲೂ ಅವರ ಎತ್ತರ ಐದೂವರೆ ಅಡಿ.

2010ರಲ್ಲಿ, 19ರ ವಯಸ್ಸಿನಲ್ಲಿ, ಉತ್ತರ ಫ್ರಾನ್ಸಿನ ಕಡಲತೀರದ ಬುಲೋನ್ ಕ್ಲಬ್ಬು ಅವರನ್ನು ಮೀಸಲು ತಂಡಕ್ಕೆ ಸೇರಿಸಿಕೊಂಡಿತು. ಅಭ್ಯಾಸಕ್ಕೆ ಹೋಗುತ್ತಿದ್ದುದು ಕಾಲಲ್ಲಿ ತಳ್ಳಿಕೊಂಡು ಸಾಗುವ ಪುಟ್ಟ ಸ್ಕೂಟರಿನ ಮೇಲೆ. ಜೊತೆಗೆ ಅಕೌಂಟೆನ್ಸಿ ಓದೂ ನಡೆದಿತ್ತು. ಬುಲೋನ್ ಮೂರನೇ ದರ್ಜೆಗೆ ಇಳಿದ ಮೇಲೆ, 2012–13ರಲ್ಲಿ, ಮುಖ್ಯ ತಂಡದಲ್ಲಿ ಅವರ ಸ್ಥಾನ ಗಟ್ಟಿಯಾಯಿತು. ಮರುವರ್ಷ ಎರಡನೇ ದರ್ಜೆಯ ಕಾನ್ ಕ್ಲಬ್ಬು ಸೇರಿ ಋತುವಿನ 38 ಲೀಗ್ ಪಂದ್ಯಗಳಲ್ಲೂ ಆಡಿದರು. ಕ್ಲಬ್ಬು ಮೊದಲ ದರ್ಜೆಗೆ ಏರಿತು. ಮೂರು ಋತುಗಳಲ್ಲಿ ಮೂರು ದರ್ಜೆಗಳನ್ನು ಹತ್ತಿದ ಈ ಆಟಗಾರ ಯಾವ ಮೆಟ್ಟಿಲನ್ನೂ ಹಾರಿ ಬಂದವರಲ್ಲ.

2015ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಸುಮಾರು 56 ಲಕ್ಷ ಪೌಂಡ್ ಕೊಟ್ಟು ಅವರನ್ನು ಕರೆತಂದಿತು. ಆಟಗಾರರನ್ನು ಹುಡುಕುವ ಹೊಣೆ ಹೊತ್ತಿದ್ದ ಸ್ಟೀವ್ ವಾಲ್ಷ್, ಇವರು ಬೇಕೇ ಬೇಕೆಂದು ಪಟ್ಟು ಹಿಡಿದಿದ್ದರು. ಹಿಂದಿನ ಋತುವಿನ ಕೊನೆಯ ವಾರಗಳಲ್ಲಿ ಗೆಲ್ಲುತ್ತಾ ಹೋಗಿ ಹೇಗೋ ಪ್ರೀಮಿಯರ್ ಲೀಗಿನಲ್ಲಿ ಉಳಿದಿದ್ದ ತಂಡವದು. ಅದು ಲೀಗ್ ಗೆದ್ದರೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಎಂದು ಬಾಜಿ ಕಟ್ಟಿಸುವವರು ಹೇಳುತ್ತಿದ್ದರು.

ಆ ತಂಡದ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಲೆಸ್ಟರ್ ತನ್ನ ಗೋಲಿನತ್ತ ಹಿಂದೆ ಸರಿದು ಕಾಯುತ್ತದೆ. ಎದುರಾಳಿಗಳು ಪಾಸ್ ಮಾಡುತ್ತಾ ಮುಂದೆ ಬರುತ್ತಾರೆ. ಚೆಂಡು ಯಾರಿಗೆ ಹೋಗಲಿದೆ ಎಂಬುದನ್ನು ಕಾಂಟೆ ಮೊದಲೇ ಊಹಿಸಿ ಒಂದೆರಡು ಹೆಜ್ಜೆ ಮುಂದಾಗಿ ನುಗ್ಗುತ್ತಾರೆ. ಚೆಂಡು ಅವರ ಕಾಲಿಗೆ ಬಂದ ಗಳಿಗೆಯಲ್ಲಿ ಎದುರಾಳಿಗಳೆಲ್ಲ ಮುಂದೆ ಬಂದಾಗಿರುತ್ತದೆ, ಅವರ ಬೆನ್ನ ಹಿಂದೆ ಮೈದಾನ ಖಾಲಿ. ಪಕ್ಕದ ಮಿಡ್‌ಫೀಲ್ಡರ್ ಡ್ರಿಂಕ್‌ವಾಟರ್ ಉದ್ದನೆಯ ಪಾಸ್ ಕೊಟ್ಟರೆ ಸಾಕು, ಮುಂಚೂಣಿಯ ಜೇಮೀ ವಾರ್ಡಿ ಓಡುತ್ತಾರೆ. ಆ ಋತುವಿನಲ್ಲಿ ಕಾಂಟೆ ಮಾಡಿದ ಟ್ಯಾಕಲ್‌ಗಳು 175, ಅಡ್ಡಗಟ್ಟಿ ಹಿಡಿದ ಪಾಸ್‌ಗಳು 150ಕ್ಕೂ ಹೆಚ್ಚು. ಎರಡರಲ್ಲೂ ಲೀಗಿಗೇ ಮೊದಲಿಗರು. ತರಬೇತುದಾರ ಕ್ಲಾಡಿಯೋ ರಾನಿಯೇರಿಯವರ ಲೆಸ್ಟರ್ 81 ಅಂಕ ಗಳಿಸಿ, ಎರಡನೆಯ ಸ್ಥಾನದ ಆರ್ಸೆನಲ್‌ಗಿಂತ ಹತ್ತು ಅಂಕ ಮುಂದೆ ನಿಂತು ಚಾಂಪಿಯನ್ ಆಯಿತು.

2016ರ ಬೇಸಿಗೆಯಲ್ಲಿ ಕಾಂಟೆ ಚೆಲ್ಸಿಗೆ ಹೋದರು. ಹಿಂದಿನ ವರ್ಷ 10ನೇ ಸ್ಥಾನದಲ್ಲಿದ್ದ ಚೆಲ್ಸಿ 93 ಅಂಕಗಳೊಂದಿಗೆ ಲೀಗ್ ಗೆದ್ದಿತು. ಲೆಸ್ಟರ್ 12ನೇ ಸ್ಥಾನಕ್ಕೆ ಕುಸಿಯಿತು. ಇದೆಲ್ಲ ಒಬ್ಬರಿಂದಲೇ ಆಯಿತೆಂದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಆದರೂ ಕಾಂಟೆಯ ದುಡಿಮೆಯ ತೂಕಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಸತತ ಎರಡು ವರ್ಷ ಎರಡು ಬೇರೆ ಕ್ಲಬ್ಬುಗಳಲ್ಲಿ ಇಂಗ್ಲೆಂಡಿನ ಲೀಗ್ ಗೆಲ್ಲುವುದು ಅಪರೂಪ. 1992 ಮತ್ತು 1993ರಲ್ಲಿ ಎರಿಕ್ ಕ್ಯಾಂಟೊನಾ ಅದನ್ನು ಮಾಡಿದ್ದರು. 2017ರಲ್ಲಿ ವೃತ್ತಿಪರ ಆಟಗಾರರ ಸಂಘ ಕಾಂಟೆಯನ್ನೇ ವರ್ಷದ ಆಟಗಾರನೆಂದು ಆರಿಸಿತು. ಮತ ಹಾಕಿದವರಲ್ಲಿ ಅವರೆದುರು ಆಡಿ ಚೆಂಡು ಕಳೆದುಕೊಂಡವರೂ ಇದ್ದರು.

ಮುಂದೆ 2018ರಲ್ಲಿ ಎಫ್‌ಎ ಕಪ್, 2019ರಲ್ಲಿ ಯೂರೋಪಾ ಲೀಗ್ ಬಂದವು. 2021ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧದ ಎರಡೂ ಪಂದ್ಯಗಳಲ್ಲಿ ಕಾಂಟೆ ಪಂದ್ಯಶ್ರೇಷ್ಠರಾದರು. ಮೇ 29ರಂದು ಪೋರ್ಟೊದಲ್ಲಿ ನಡೆದ ಫೈನಲ್‌ನಲ್ಲಿ ಚೆಲ್ಸಿ ಮ್ಯಾಂಚೆಸ್ಟರ್ ಸಿಟಿಯನ್ನು 1–0ರಿಂದ ಸೋಲಿಸಿತು. ಗೋಲು ಹೊಡೆದವರು ಕೈ ಹಾವರ್ಟ್ಸ್, ಪಂದ್ಯಶ್ರೇಷ್ಠ ಪ್ರಶಸ್ತಿ ಕಾಂಟೆಗೆ. ಆಮೇಲೆ ಗಾಯಗಳು ಕಾಡಿದವು. ಚೆಲ್ಸಿ ಪರ 269 ಪಂದ್ಯಗಳನ್ನಾಡಿ 2023ರಲ್ಲಿ ಸೌದಿ ಅರೇಬಿಯಾದ ಅಲ್ ಇತ್ತಿಹಾದ್ ಸೇರಿದರು. 2025ರಲ್ಲಿ ಆ ಕ್ಲಬ್ಬು ಲೀಗ್ ಗೆದ್ದಾಗಲೂ ನಡು ಮೈದಾನದಲ್ಲಿ ಅವರಿದ್ದರು.

ಊರೂರಿನ ಮೈದಾನಗಳಲ್ಲಿ ಮಕ್ಕಳಿಗೆ ಆಟ ಕಲಿಸುವವರಲ್ಲಿ ನನ್ನದೊಂದು ಕೋರಿಕೆ. ತಂಡಕ್ಕೆ ಹುಡುಗರನ್ನು ಆರಿಸುವಾಗ ಅವರ ಎತ್ತರವನ್ನೂ ಗೋಲುಗಳನ್ನೂ ಮಾತ್ರ ನೋಡಬೇಡಿ. ಕಳೆದುಹೋದ ಚೆಂಡಿನ ಹಿಂದೆ ಮೊದಲು ಓಡುವ ಹುಡುಗ ಯಾರೆಂದು ಗಮನಿಸಿ, ಅವನಿಗೆ ಆಡಲು ಅವಕಾಶ ಕೊಡಿ.