ಜೋಮು ಹಿಡಿಯುವ ಕೈ



2023ರಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರಿನ ಲಂಬಾಣಿ ತಾಯಂದಿರ 1,755 ಕಸೂತಿಗಳು ಗಿನ್ನೆಸ್ ದಾಖಲೆ ಸೇರಿದವು. ಅಂಥ ಸೂಜಿ ಕೆಲಸದವರಿಗೂ, ಕಂಪ್ಲಿ ಕಡೆ ಕಬ್ಬು ಕಡಿಯೋರಿಗೂ, ಹಾಲು ಹಿಂಡುವ ನಮಗೂ ದುಡಿಯೋದು ಮಣಿಕಟ್ಟೇ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಕೊಡವಿದರೆ ಹಗುರ. ಕಿರುಬೆರಳಿಗೆ ಸಾಮಾನ್ಯವಾಗಿ ಬಾರದು. ನಾವು ವಾಯು ಅಂತ ಎಣ್ಣೆ ತಿಕ್ಕುತ್ತೇವೆ. ಆದರೆ ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಒತ್ತಿಕೊಂಡಿರುತ್ತದೆ. ಡಾಕ್ಟರು ಕಾರ್ಪಲ್ ಟನಲ್ ಅನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ ಇದು ಹೆಚ್ಚು.

ಮೊದಲಲ್ಲೇ ರಾತ್ರಿ ಮಣಿಕಟ್ಟು ನೆಟ್ಟಗಿರುವ ಹಾಗೆ ಪಟ್ಟಿ ಕಟ್ಟಿಕೊಂಡರೆ ಎಷ್ಟೋ ಜನಕ್ಕೆ ಇಳಿಯುತ್ತದೆ. ಹೆಬ್ಬೆರಳ ಬುಡದ ಮಾಂಸ ಕರಗಿ ಕುಡುಗೋಲು ಕೈಜಾರುವ ತನಕ ಕಾದರೆ, ಆಪರೇಷನ್ ಆದರೂ ಬಲ ಪೂರ್ತಿ ಬಾರದಿರಬಹುದು. ಸುಗ್ಗಿ ಮುಗೀಲಿ ಅನ್ನದೆ ಈ ವಾರವೇ ಹೊಸಪೇಟೆಗೆ ಹೋಗಿ ತೋರಿಸಿರಿ.