ಮುಂದಿನ ಹಲ್ಲಿನ ಅಂದ

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಅದು ಅಗಿಯುವ ಹಲ್ಲಿನ ಮಾತು. ಮುಂದಿನ ಹಲ್ಲಿನ ಸಂಗತಿ ಬೇರೆ. ದವಡೆಹಲ್ಲು ಹೋದರೆ ಊಟಕ್ಕೆ ಕುಳಿತಾಗ ಅದರ ನೆನಪಾಗುತ್ತದೆ. ಮುಂದಿನ ಹಲ್ಲು ಹೋದರೋ, ನಗು ಬಂದಾಗಲೆಲ್ಲ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ. ಆದುದರಿಂದ ಅಲ್ಲಿ ಹೊಸ ಹಲ್ಲನ್ನು ಕೂಡಿಸುವಾಗ ಗಟ್ಟಿತನದಷ್ಟೇ ಅಂದವನ್ನೂ ನೋಡಬೇಕಾಗುತ್ತದೆ. ಹಾಗಾದರೆ ಆ ಅಂದಕ್ಕೆ ಅಂಕ ಕೊಡುವವರು ಯಾರು? ವೈದ್ಯರೊ, ಹಲ್ಲು ಕಟ್ಟಿಸಿಕೊಂಡವರೊ?

ಸ್ವೀಡನ್ ದೇಶದ ಬ್ರೊನೆಮಾರ್ಕ್ ಎಂಬ ವಿಜ್ಞಾನಿ 1952ರ ಸುಮಾರಿಗೆ ಮೊಲದ ಮೂಳೆಯಲ್ಲಿ ಟೈಟೇನಿಯಂ ಲೋಹವನ್ನಿಟ್ಟು ಪ್ರಯೋಗ ನಡೆಸುತ್ತಿದ್ದಾಗ, ಲೋಹ ಮೂಳೆಯೊಡನೆ ಬಿಡಿಸಲಾಗದಂತೆ ಬೆಸೆದುಕೊಂಡುದನ್ನು ಕಂಡರು. 1965ರಲ್ಲಿ ಅವರು ಅದನ್ನು ಮನುಷ್ಯನ ದವಡೆಯಲ್ಲಿ ಬಳಸಿದರು. ಇಂದಿನ ಕ್ರಮವೂ ಬಹುಮಟ್ಟಿಗೆ ಅದೇ. ದವಡೆಯ ಮೂಳೆಯಲ್ಲಿ ಚಿಕ್ಕ ತಿರುಪನ್ನು ಕೂಡಿಸಿ, ಅದು ಬೆಸೆದುಕೊಳ್ಳಲು ಸಾಮಾನ್ಯವಾಗಿ ಕೆಲವು ತಿಂಗಳು ಬಿಟ್ಟು, ಮೇಲೆ ಪಿಂಗಾಣಿಯ ಹಲ್ಲನ್ನು ತೊಡಿಸುತ್ತಾರೆ.

ಇದರ ಅಂದವನ್ನು ಅಳೆಯಲು ವೈದ್ಯರು ಕೋಷ್ಟಕಗಳನ್ನೇ ಮಾಡಿಕೊಂಡಿದ್ದಾರೆ. 2005ರಲ್ಲಿ ಫ್ಯೂರ್‌ಹೌಸರ್ ಮತ್ತು ಸಂಗಡಿಗರು ಒಸಡಿನ ಏಳು ಲಕ್ಷಣಗಳನ್ನು ಗುರುತಿಸಿ, ಒಂದೊಂದಕ್ಕೆ ಎರಡರವರೆಗೆ ಅಂಕವಿಟ್ಟು, ಒಟ್ಟು 14 ಮಾಡಿದರು. ಹಲ್ಲುಗಳ ಸಂದಿನಲ್ಲಿ ಮೇಲೇಳುವ ಒಸಡಿನ ಮೊನೆ ತುಂಬಿದೆಯೆ, ಅಂಚು ಒಂದೇ ಮಟ್ಟದಲ್ಲಿದೆಯೆ, ಬಣ್ಣ ಹೊಂದುತ್ತದೆಯೆ ಎಂಬವು ಅವುಗಳಲ್ಲಿ ಕೆಲವು. 2009ರಲ್ಲಿ ಬೆಲ್ಸರ್ ಮತ್ತು ಸಂಗಡಿಗರು ಹಲ್ಲಿನ ಆಕಾರ, ಗಾತ್ರ, ಬಣ್ಣ, ಮೈಯ ನಯ, ಬೆಳಕು ಹಾಯುವ ಗುಣ ಇವಕ್ಕೆ 10 ಅಂಕಗಳನ್ನಿಟ್ಟರು. ಮಾದರಿ ಯಾವುದೆಂದರೆ, ಅದೇ ಬಾಯಿಯ ಇನ್ನೊಂದು ಬದಿಯಲ್ಲಿರುವ ಜೋಡಿ ಹಲ್ಲು.

ರೋಗಿಯ ಅಭಿಪ್ರಾಯ ಕೇಳುವ ರೀತಿ ಇನ್ನೂ ಸರಳ. ಹತ್ತು ಸೆಂಟಿಮೀಟರಿನ ಗೆರೆಯೆಳೆದು, ಒಂದು ತುದಿ ಅತೃಪ್ತಿ, ಇನ್ನೊಂದು ತುದಿ ಪೂರ್ಣ ತೃಪ್ತಿ, ನೀವೆಲ್ಲಿದ್ದೀರಿ ಗುರುತು ಹಾಕಿ ಎನ್ನುತ್ತಾರೆ. ಸಾಮಾನ್ಯವಾಗಿ ರೋಗಿಯ ಗುರುತು ವೈದ್ಯರ ಅಂಕಕ್ಕಿಂತ ಮೇಲಿರುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ವೈದ್ಯರು ತುಟಿಯೆತ್ತಿ ಹತ್ತಿರದಿಂದ ನೋಡುತ್ತಾರೆ. ರೋಗಿಯಾದರೋ ಮೊದಲಿದ್ದ ಕಿಂಡಿಯನ್ನು ನೆನೆದು ಕನ್ನಡಿ ನೋಡುತ್ತಾನೆ. ಒಮ್ಮೊಮ್ಮೆ ತಿರುಗುಮುರುಗೂ ಆಗುವುದುಂಟು: ವೈದ್ಯರು ಪೂರ್ಣಾಂಕ ಕೊಟ್ಟ ಹಲ್ಲು ರೋಗಿಗೆ ಒಗ್ಗುವುದಿಲ್ಲ.

ನಮ್ಮ ಕಡೆ ಈ ಪ್ರಶ್ನೆಗೆ ಇನ್ನೊಂದು ತೊಡಕುಂಟು. ಪಾವಗಡ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಇಂಥ ನೀರು ಕುಡಿದರೆ, ಹುಟ್ಟುವ ಹಲ್ಲಿನ ಮೇಲೆ ಬಿಳಿಯ ಇಲ್ಲವೆ ಕಂದು ಕಲೆ ನಿಲ್ಲುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ರಾಯಚರ್ಲು ಕಡೆಯ ಒಬ್ಬ ತರುಣ ಬೈಕಿನಿಂದ ಬಿದ್ದು ಮುಂದಿನ ಹಲ್ಲು ಕಳೆದುಕೊಂಡನೆಂದಿಟ್ಟುಕೊಳ್ಳಿ. ಅವನ ಜೋಡಿ ಹಲ್ಲಿಗೆ ಕಂದು ಕಲೆಯಿದೆ. ಹೊಸ ಹಲ್ಲಿಗೂ ಅದೇ ಕಲೆ ಬರೆಯಬೇಕೆ? ಕೋಷ್ಟಕದ ಪ್ರಕಾರ ಹೌದು. ಕಲೆ ಕೂಡಿದರೆ ಅಂಕ ಪೂರ್ತಿ. ಆದರೆ ಚಿಕ್ಕಂದಿನಿಂದ ಆ ಕಲೆಗಾಗಿ ನಾಚಿದವನು, ದುಡ್ಡು ಕೊಟ್ಟು ಅದನ್ನೇ ಮತ್ತೆ ಪಡೆಯಲು ಒಪ್ಪುವನೆ? ಅಚ್ಚ ಬಿಳಿಯದನ್ನು ಕೂಡಿಸಿದರೆ ಅದೊಂದೇ ಎದ್ದು ಕಾಣುತ್ತದೆ. ಉಳಿದ ಹಲ್ಲುಗಳ ಕಲೆಯನ್ನು ಮೊದಲು ತಿಳಿಮಾಡಿಸಿ, ಆಮೇಲೆ ಹೊಸದರ ಬಣ್ಣ ಗೊತ್ತುಮಾಡುವುದು ಮೂರನೆಯ ದಾರಿ. ಪಿಂಗಾಣಿಯ ಬಣ್ಣವನ್ನು ಆಮೇಲೆ ತಿಳಿಮಾಡಲು ಬಾರದ ಕಾರಣ, ಈ ಅನುಕ್ರಮ ತಪ್ಪಬಾರದು. ಖರ್ಚು ಹೆಚ್ಚೆಂಬುದೂ ನಿಜ.

ಇವುಗಳಲ್ಲಿ ಯಾವುದು ಸರಿಯೆಂಬುದನ್ನು ಕೋಷ್ಟಕ ಹೇಳಲಾರದು. ಆ ತರುಣನೇ ಹೇಳಬೇಕು. ವೈದ್ಯರು ಮೊದಲೇ ಕೇಳಬೇಕು. ನೀವಾದರೂ ಅಷ್ಟೆ. ಹಳೆಯ ಭಾವಚಿತ್ರವಿದ್ದರೆ ಕೊಂಡೊಯ್ಯಿರಿ. ಹಲ್ಲನ್ನು ಅಂಟಿಸುವ ಮುನ್ನ ತೊಡಿಸಿ ನೋಡಲು ಕೇಳಿ, ಹಗಲಿನ ಬೆಳಕಿನಲ್ಲಿ ಕನ್ನಡಿ ಹಿಡಿದು, ನಕ್ಕು, ಮಾತಾಡಿ ನೋಡಿ. ಮನಸ್ಸಿಗೆ ಬಾರದಿದ್ದರೆ ಸಂಕೋಚವಿಲ್ಲದೆ ಆಗಲೇ ಹೇಳಿ. ಹಾಗೆಂದು ವೈದ್ಯರ ಕಣ್ಣು ಬೇಡವೆಂದಲ್ಲ. ಒಸಡು ಜಾರುತ್ತಿರುವುದನ್ನು ನಮಗಿಂತ ಮೊದಲು ಕಾಣುವವರು ಅವರೇ. ಕರೆದಾಗ ತಪ್ಪದೆ ಹೋಗಿ ತೋರಿಸಿಕೊಳ್ಳಿ.

ಕಡೆಯದಾಗಿ ಒಂದು ಮಾತು. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ, ಅವರು ಕುಡಿಯುವ ನೀರನ್ನು ಇಂದೇ ಪರೀಕ್ಷೆ ಮಾಡಿಸಿ. ಅವರ ಹಲ್ಲು ಕಲೆಯಿಲ್ಲದೆ ಹುಟ್ಟಲಿ.