ವಿಲೇವಾರಿಯಾಯಿತು, ಕೆಲಸವಾಯಿತೇ?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕೂ ತಾಲೂಕುಗಳಿಗೆ ಉಪವಿಭಾಗಾಧಿಕಾರಿಯ ಕಚೇರಿ ಇರುವುದು ಮಧುಗಿರಿಯಲ್ಲಿ. ಪಾವಗಡದ ಬಡವನಿಗೆ ಅಲ್ಲಿಗೆ ಬಂದುಹೋಗುವುದೆಂದರೆ ಒಂದು ದಿನದ ಕೂಲಿ ನಷ್ಟ.

2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ಮಂದಿ ಸಾಫ್ಟ್‌ವೇರ್ ತಜ್ಞರು ‘ಅಜೈಲ್’ ಎಂಬ ಕಾರ್ಯಪದ್ಧತಿಯ ಪ್ರಣಾಳಿಕೆ ಬರೆದರು. ಸಣ್ಣದಾಗಿ ಆರಂಭಿಸಬೇಕು, ಬಳಸುವವನಿಗೆ ತೋರಿಸಬೇಕು, ಅವನ ಮಾತು ಕೇಳಿ ತಿದ್ದಬೇಕು ಎಂಬುದೇ ಅದರ ತಾತ್ಪರ್ಯ.

ನಮ್ಮ ‘ಸಕಾಲ’ ಯೋಜನೆಯೂ ಆ ಹೆಸರು ಹೇಳದೆ ಹಾಗೆಯೇ ಆರಂಭವಾಯಿತು. 2012ರ ಮಾರ್ಚ್‌ನಲ್ಲಿ ಔರಾದ್, ಚಿತ್ತಾಪುರ, ಧಾರವಾಡ, ಪುತ್ತೂರುಗಳಲ್ಲಿ ಪ್ರಯೋಗ. ಏಪ್ರಿಲ್‌ನಲ್ಲಿ 151 ಸೇವೆಗಳೊಂದಿಗೆ ರಾಜ್ಯವ್ಯಾಪಿ ಜಾರಿ. ವಿಳಂಬವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ.

ಆದರೆ ಗಡುವಿನೊಳಗೆ ತಿರಸ್ಕರಿಸಿದ ಅರ್ಜಿಯೂ ಲೆಕ್ಕದಲ್ಲಿ ವಿಲೇವಾರಿಯೇ! ಒಂದು ದಾಖಲೆಯಲ್ಲಿ ‘ಶೇಖ್’, ಇನ್ನೊಂದರಲ್ಲಿ ‘ಷೇಕ್’ ಎಂದಿದ್ದರೆ ಸಾಕು, ಅರ್ಜಿದಾರ ಮತ್ತೆ ಸರತಿಯ ತುದಿಗೆ. ಅಂಕಿಅಂಶ ಮಾತ್ರ ಹಸನಾಗಿರುತ್ತದೆ. ಅಜೈಲ್‌ನವರು ಇದನ್ನು ಮುಗಿದ ಕೆಲಸವೆಂದು ಒಪ್ಪಲಾರರು.

ದೂರದ ಪಾವಗಡದಿಂದಲೇ, ಒಂದೇ ಸೇವೆಯಿಂದ ಆರಂಭಿಸೋಣ. ತಹಶೀಲ್ದಾರರು ತಿಂಗಳಿಗೊಮ್ಮೆ ಅರ್ಜಿದಾರರನ್ನು ಎದುರಿಗೆ ಕೂರಿಸಿಕೊಂಡು ತಿರಸ್ಕಾರದ ಕಾರಣಗಳನ್ನಷ್ಟೇ ಓದಲಿ. ಮರುಕಳಿಸುವ ಕಾರಣವನ್ನು ಮುಂದಿನ ತಿಂಗಳೊಳಗೆ ನಿವಾರಿಸಲಿ. ಫಲಿಸಿದರೆ ಉಳಿದ ಮೂರು ತಾಲೂಕುಗಳಿಗೆ ವಿಸ್ತರಿಸಬಹುದು. ಅಲ್ಲಿಯವರೆಗೆ, ಅರ್ಜಿ ಮರಳಿ ಬಂದರೆ ಸುಮ್ಮನೆ ಹಿಂದಿರುಗಬೇಡಿ. ಲಿಖಿತ ಕಾರಣ ಕೇಳಿ ಪಡೆಯಿರಿ. ಮೇಲ್ಮನವಿಗೆ ಅದು ಬೇಕಾಗುತ್ತದೆ.